ಶೆಟ್ಟಿಹಳ್ಳಿಯಲ್ಲಿ ಮಗ ಕೇಳಿದ ಪ್ರಶ್ನೆ

(ಓದುಗರ ಪತ್ರಗಳಿಗೆ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಕ್ರೈಸ್ತ ತಾಯಂದಿರವು. ನಾಲ್ಕೂ ಮಕ್ಕಳಿಗೆ ದೇವರ ವಿಷಯ ಹೇಳಿಕೊಡುವುದರ ಕುರಿತೇ ಇದ್ದುದರಿಂದ ಒಟ್ಟಿಗೆ ತೆಗೆದುಕೊಂಡಿದ್ದೇನೆ.)

ಪ್ರಶ್ನೆ: ನನಗೆ ಒಂಬತ್ತು ವರ್ಷದ ಮಗ, ಐದು ವರ್ಷದ ಮಗಳು ಇದ್ದಾರೆ. ಮದುವೆಯಾದಂದಿನಿಂದ ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ತಪ್ಪಿಲ್ಲ. ಈ ವರ್ಷದ ಆರಂಭದಲ್ಲಿ ನಮ್ಮ ಮಾವನವರು ಕಾಯಿಲೆ ಬಿದ್ದಾಗ, "ನೀನು ಚೆನ್ನಾಗಿ ಪ್ರಾರ್ಥನೆ ಮಾಡಿದರೆ ತಾತ ಹುಷಾರಾಗುತ್ತಾರೆ" ಎಂದು ನಾನೇ ಮಗನಿಗೆ ಹೇಳಿದ್ದೆ. ಅವನು ದಿನವೂ ಮೊಣಕಾಲೂರಿ ಬೇಡಿಕೊಂಡ. ಮಾವನವರು ತೀರಿಕೊಂಡರು. ಮೇ ತಿಂಗಳಲ್ಲಿ ಎಲ್ಲರೂ ಶೆಟ್ಟಿಹಳ್ಳಿಯ ಹಳೆಯ ಚರ್ಚು ನೋಡಲು ಹೋಗಿದ್ದಾಗ ಅವನು ಆ ಸೂರಿಲ್ಲದ ಗೋಡೆಗಳ ಮುಂದೆ ನಿಂತು, "ತನ್ನ ಮನೆಯೇ ಮುಳುಗುವಾಗ ಸುಮ್ಮನಿದ್ದ ದೇವರು ತಾತನನ್ನು ಹೇಗೆ ಉಳಿಸುತ್ತಾನೆ?" ಎಂದು ಗಟ್ಟಿಯಾಗಿ ಕೇಳಿದ. ಸುತ್ತಲೂ ಜನರಿದ್ದರು. ನಾಚಿಕೆಯಿಂದ ಬೈದುಬಿಟ್ಟೆ. ಹಾಗೆಲ್ಲ ಮಾತಾಡಿದರೆ ದೇವರು ಶಿಕ್ಷೆ ಕೊಡುತ್ತಾನೆ ಎಂದೂ ಹೇಳಿದೆ. ಅಂದಿನಿಂದ ಪ್ರಾರ್ಥನೆಯ ಹೊತ್ತಿಗೆ ಬಾಯಿ ಬಿಡದೆ ನಿಂತಿರುತ್ತಾನೆ. ನಿಜ ಹೇಳಬೇಕೆಂದರೆ ಅವನ ಪ್ರಶ್ನೆ ಒಳಗೊಳಗೇ ನನ್ನದೂ ಆಗಿದೆ. ನನ್ನ ನಂಬಿಕೆಯೇ ಅಲುಗಾಡುತ್ತಿರುವಾಗ ಮಕ್ಕಳಿಗೆ ಏನನ್ನು ಕಲಿಸಲಿ?
ಹೆಸರು ಬೇಡ, ಹಾಸನ

ಉತ್ತರ: ತಂಗಿ, ನಿಮ್ಮ ಮಗ ಕೇಳಿದ್ದು ಒಂದೇ ಪ್ರಶ್ನೆಯಂತೆ ಕಂಡರೂ ಅದರಲ್ಲಿ ಎರಡಿವೆ. ಸುಲಭವಾದದ್ದನ್ನು ಮೊದಲು ಮುಗಿಸೋಣ.

ಶೆಟ್ಟಿಹಳ್ಳಿಯ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಮಳೆಗಾಲದಲ್ಲಿ ಹಿನ್ನೀರು ಏರಿದಾಗ ಆ ಕಟ್ಟಡ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಇದನ್ನು ಮಗನಿಗೆ ಇದ್ದ ಹಾಗೆಯೇ ಹೇಳಿ. ಹಾಸನ, ತುಮಕೂರು, ಮಂಡ್ಯದ ಹೊಲಗಳಿಗೆ ನೀರು ಬೇಕೆಂದು ಮನುಷ್ಯರು ಯೋಚಿಸಿ ಕಟ್ಟಿದ ಕಟ್ಟೆಯಿಂದ ಅದು ಮುಳುಗಿತು. ಅದರ ಲಾಭ ಒಂದು ಕಡೆಯವರಿಗೆ ಬಂತು, ನಷ್ಟವನ್ನು ಊರು ಬಿಟ್ಟು ಹೋದವರು ಅನುಭವಿಸಿದರು. ಅದನ್ನು ದೇವರ ಸಿಟ್ಟೆಂದೋ ದೇವರ ಸೋಲೆಂದೋ ಹೇಳಲು ನಮಗೆ ಯಾವ ಆಧಾರವೂ ಇಲ್ಲ. ಚರ್ಚನ್ನು ದೇವರ ಮನೆ ಎಂದು ಕರೆಯುವ ರೂಢಿ ನಮ್ಮದು. ಆದರೆ ಇಸ್ರಯೇಲಿನ ಅರಸ ಸೊಲೊಮೋನನು ಜೆರುಸಲೇಮಿನಲ್ಲಿ ಮಹಾದೇವಾಲಯವನ್ನು ಕಟ್ಟಿ ಮುಗಿಸಿ ಪ್ರತಿಷ್ಠೆಯ ದಿನ ಪ್ರಾರ್ಥಿಸುವಾಗ, ಆಕಾಶವೇ ನಿನಗೆ ಸಾಲದಿರುವಾಗ ನಾನು ಕಟ್ಟಿದ ಈ ಮನೆ ಎಲ್ಲಿ ಸಾಕಾದೀತು ಎಂದು ಕೇಳಿಕೊಂಡಿದ್ದಾನೆ. ಅರಸುಗಳ ಮೊದಲನೆಯ ಗ್ರಂಥದ 8ನೆಯ ಅಧ್ಯಾಯದಲ್ಲಿ ಅದು ಇದೆ, ಮಗನಿಂದಲೇ ಓದಿಸಿ. ಆ ದೇವಾಲಯವನ್ನೂ ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಸುಟ್ಟುಹಾಕಿದರು. ಸೆರೆಯಾಗಿ ಹೋದ ಜನ ಅಲ್ಲಿಂದಲೇ ಪ್ರಾರ್ಥಿಸಿದರು. ಈ ಕಥೆ ಒಂಬತ್ತು ವರ್ಷದ ಹುಡುಗನಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಎರಡನೆಯದು ತಾತನ ಪ್ರಶ್ನೆ. ಚರ್ಚಿನ ಗೋಡೆ ಅದಕ್ಕೊಂದು ನೆಪವಾಯಿತು ಅಷ್ಟೆ.

ಬೇಸರಿಸಿಕೊಳ್ಳಬೇಡಿ, ಆದರೆ ಹೇಳಲೇಬೇಕು. ಚೆನ್ನಾಗಿ ಪ್ರಾರ್ಥಿಸಿದರೆ ತಾತ ಹುಷಾರಾಗುತ್ತಾರೆ ಎಂಬ ಮಾತು ದೇವರು ಕೊಟ್ಟ ಮಾತಲ್ಲ, ನೀವು ಕೊಟ್ಟದ್ದು. ದೇವರ ಸಹಿ ಇಲ್ಲದ ಪ್ರಾಮಿಸರಿ ನೋಟನ್ನು ಬರೆದು ಮಗುವಿನ ಕೈಯಲ್ಲಿಟ್ಟಿರಿ, ವಾಯಿದೆ ಮುಗಿದಾಗ ಅವನು ವಸೂಲಿಗೆ ದೇವರ ಬಾಗಿಲಿಗೇ ಹೋಗಿ ನಿಂತ. ಅದರಲ್ಲಿ ಇನ್ನೊಂದು ವಿಷವೂ ಇದೆ. "ಚೆನ್ನಾಗಿ" ಎಂಬ ಪದವನ್ನು ನಾವು ಸಲೀಸಾಗಿ ಸೇರಿಸಿಬಿಡುತ್ತೇವೆ. ತಾತ ತೀರಿಕೊಂಡ ಮೇಲೆ, ತಾನು ಸರಿಯಾಗಿ ಪ್ರಾರ್ಥಿಸದ್ದರಿಂದಲೇ ಹೀಗಾಯಿತು ಎಂದು ಆ ಹುಡುಗ ರಾತ್ರಿ ಹಾಸಿಗೆಯಲ್ಲಿ ಲೆಕ್ಕ ಹಾಕಿರುವ ಸಾಧ್ಯತೆ ಇದೆ. ನಾನು ಚಿಕ್ಕಮಗಳೂರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಧರ್ಮೋಪದೇಶ ಕಲಿಸಿದವಳು. ಸಿಟ್ಟು ಮಾಡಿಕೊಂಡು ಪ್ರಾರ್ಥನೆ ಬಿಟ್ಟ ಮಕ್ಕಳಿಗಿಂತ, ತಪ್ಪು ತನ್ನದೇ ಎಂದುಕೊಂಡು ಇನ್ನಷ್ಟು ಜೋರಾಗಿ ಪ್ರಾರ್ಥಿಸುವ ಮಕ್ಕಳನ್ನು ಕಂಡು ನಾನು ಹೆಚ್ಚು ಹೆದರಿದ್ದೇನೆ. ನಿಮ್ಮ ಮಗ ಬಾಯಿಬಿಟ್ಟು ಕೇಳಿದ್ದು ನಿಮ್ಮ ಪುಣ್ಯ.

ಶಿಕ್ಷೆಯ ಮಾತಂತೂ ನಮ್ಮ ತಾಯಂದಿರ ಹಳೆಯ ಚಾಳಿ. ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ ಎನ್ನುವ ಬಾಯಲ್ಲೇ, ಸುಳ್ಳು ಹೇಳಿದರೆ ದೇವರು ಕಣ್ಣು ಕೀಳುತ್ತಾನೆ ಎಂದೂ ಹೇಳುತ್ತೇವೆ. ಗುಮ್ಮ ಇಲ್ಲವೆಂದು ಏಳೆಂಟು ವರ್ಷಕ್ಕೆ ಮಕ್ಕಳಿಗೆ ತಿಳಿಯುತ್ತದೆ. ಅದೇ ದನಿಯಲ್ಲಿ ಹೇಳಿದ ದೇವರನ್ನೂ ಅವರು ಗುಮ್ಮನ ಜೊತೆಗೇ ಕಳಿಸಿಬಿಟ್ಟರೆ ಅವರನ್ನು ದೂರಲಾಗದು.

ಈಗ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯ ತೆಗೆಯಿರಿ. ಲಾಜರನು ಕಾಯಿಲೆ ಬಿದ್ದಾಗ ಅವನ ಸಹೋದರಿಯರು ಯೇಸುಸ್ವಾಮಿಗೆ ಹೇಳಿ ಕಳಿಸುತ್ತಾರೆ, ಸ್ವಾಮಿ ತಡಮಾಡಿ ಬರುತ್ತಾರೆ, ಅಷ್ಟರಲ್ಲಿ ಲಾಜರನು ಸತ್ತು ನಾಲ್ಕು ದಿನಗಳಾಗಿರುತ್ತವೆ. ಮೊದಲು ಮಾರ್ಥಳು, ಆಮೇಲೆ ಮರಿಯಳು, ಇಬ್ಬರೂ ಬೇರೆಬೇರೆಯಾಗಿ ಬಂದು ಒಂದೇ ಮಾತು ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ. ಇದು ನಿಮ್ಮ ಮಗ ಶೆಟ್ಟಿಹಳ್ಳಿಯಲ್ಲಿ ಆಡಿದ ಮಾತೇ ಅಲ್ಲವೇ? ಸ್ವಾಮಿ ಅವರನ್ನು ಗದರಿಸಲಿಲ್ಲ. ಸಮಾಧಿಯ ಕಡೆಗೆ ನಡೆಯುತ್ತಾ ತಾವೂ ಅತ್ತರು. ಲಾಜರನನ್ನು ಎಬ್ಬಿಸಿದ ಕಥೆಯನ್ನು ಹೇಳುವ ಆತುರದಲ್ಲಿ ನಾವು ಈ ಅಳುವನ್ನು ದಾಟಿ ಹೋಗುತ್ತೇವೆ. ತಾತನನ್ನು ಕಳೆದುಕೊಂಡ ಹುಡುಗನಿಗೆ ಸದ್ಯಕ್ಕೆ ಬೇಕಾದದ್ದು ಈ ಅಳು.

ಇನ್ನೊಂದು, ಶಿಲುಬೆಗೇರುವ ಹಿಂದಿನ ಗೆತ್ಸೆಮನೆ ತೋಟದ ರಾತ್ರಿ. ಈ ಪಾತ್ರೆಯನ್ನು, ಎಂದರೆ ಬರಲಿದ್ದ ಸಂಕಟವನ್ನು, ನನ್ನಿಂದ ತೊಲಗಿಸು ಎಂದು ಯೇಸುಸ್ವಾಮಿಯೇ ಬೇಡಿಕೊಂಡರು, ಅದು ತೊಲಗಲಿಲ್ಲ. ಮಾರ್ಕನು ಆ ಪ್ರಾರ್ಥನೆಯನ್ನು ಬರೆಯುವಾಗ ಸ್ವಾಮಿ ಆಡುತ್ತಿದ್ದ ಅರಮಾಯಿಕ್ ಭಾಷೆಯ "ಅಬ್ಬಾ" ಎಂಬ ಕರೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾನೆ. ಕನ್ನಡ ಸತ್ಯವೇದದಲ್ಲಿ ಅದು "ಅಪ್ಪಾ" ಎಂದಾಗಿದೆ. ಕನ್ನಡದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಸ್ವಾಮಿ ಚೆನ್ನಾಗಿ ಪ್ರಾರ್ಥಿಸಲಿಲ್ಲ ಎಂದು ಯಾರಾದರೂ ಹೇಳಲು ಸಾಧ್ಯವೇ ಎಂದು ಮಗನನ್ನು ಕೇಳಿ ನೋಡಿ.

ಹಾಗಾದರೆ ಏನು ಮಾಡಬೇಕು? ಮೊದಲು ಮಗನ ಕ್ಷಮೆ ಕೇಳಿ. ಒಂದು ರಾತ್ರಿ ಅವನ ಪಕ್ಕದಲ್ಲಿ ಕುಳಿತು, "ತಾತ ಹುಷಾರಾಗುತ್ತಾರೆ ಎಂದು ನಾನು ಹೇಳಿದ್ದು ತಪ್ಪು ಕಣೋ. ಹಾಗಾಗಲಿ ಎಂಬ ಆಸೆ ನನಗಿತ್ತು, ಅದನ್ನೇ ದೇವರ ಮಾತು ಎನ್ನುವ ಹಾಗೆ ಹೇಳಿಬಿಟ್ಟೆ. ನಿನ್ನ ಪ್ರಾರ್ಥನೆಯಲ್ಲಿ ಏನೂ ಕೊರತೆ ಇರಲಿಲ್ಲ. ಶಿಕ್ಷೆ ಕೊಡುತ್ತಾನೆ ಎಂದದ್ದು ಕೂಡ ನನ್ನ ಸಿಟ್ಟು, ದೇವರದ್ದಲ್ಲ" ಎಂದು ಹೇಳಿ. ಏಕೆ ಉಳಿಸಲಿಲ್ಲ ಎಂದು ಅವನು ಮತ್ತೆ ಕೇಳಿದರೆ ಗೊತ್ತಿಲ್ಲ ಎನ್ನಿ. ಅದಕ್ಕೆ ಇನ್ನೊಂದು ಉತ್ತರ ಕಟ್ಟಲು ಹೋಗಬೇಡಿ. ತಾತ ಬಹಳ ಒಳ್ಳೆಯವರಾಗಿದ್ದರಿಂದ ದೇವರು ಕರೆದುಕೊಂಡ ಎಂದಂತೂ ಹೇಳಲೇಬೇಡಿ. ಹಾಗೆ ಹೇಳಿಸಿಕೊಂಡ ಒಬ್ಬ ಹುಡುಗಿ, ಅಮ್ಮ ಒಳ್ಳೆಯವಳಾಗಿಬಿಟ್ಟರೆ ಎಂಬ ಭಯದಲ್ಲಿ ತಿಂಗಳುಗಟ್ಟಲೆ ಇದ್ದುದನ್ನು ನಾನು ಕಂಡಿದ್ದೇನೆ.

ಅಲುಗಾಡುವ ನಂಬಿಕೆಯಿಂದ ಕಲಿಸುವುದು ಹೇಗೆ ಎಂದಿರಿ. ನನ್ನ ತಾಯಿಯ ವಿಷಯ ಹೇಳುತ್ತೇನೆ. ನಮ್ಮಪ್ಪ ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ರೈಟರಾಗಿದ್ದರು, ಜೊತೆಗೆ ನಮ್ಮದೇ ಒಂದೆರಡು ಎಕರೆ ರೋಬಸ್ಟಾ ಇತ್ತು. ಒಂದು ವರ್ಷ ಫೆಬ್ರವರಿ ಕೊನೆಯಲ್ಲಿ ನಮ್ಮ ಕಾಫಿ ಇನ್ನೂ ಕಣದಲ್ಲಿ ಒಣಗುತ್ತಿರುವಾಗಲೇ ಮೋಡ ಕಟ್ಟಿತು. ಕಾಫಿ ಹೂ ಅರಳಿಸುವ ಹೂಮಳೆಗಾಗಿ ಕಾಯುತ್ತಿದ್ದ ಅಕ್ಕಪಕ್ಕದ ತೋಟದವರಿಗೆ ಅದು ಹಬ್ಬ. ನಮಗೋ ಕಣದಲ್ಲಿದ್ದ ಕಾಫಿಯೇ ವರ್ಷದ ಅನ್ನ. ಅಮ್ಮ ಕಣದ ಅಂಚಿನಲ್ಲಿ ನಿಂತು, "ದೇವರೇ, ಇನ್ನು ನಾಲ್ಕು ದಿನ ತಡೆ" ಎಂದು ಎಲ್ಲರಿಗೂ ಕೇಳುವಂತೆ ಬೇಡಿಕೊಂಡರು. ಮಳೆ ಬಂದೇ ಬಂತು. ನಾವು ಮಕ್ಕಳೆಲ್ಲ ಓಡಿ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಎಳೆಯುವಷ್ಟರಲ್ಲಿ ಅರ್ಧ ನೆನೆದಿತ್ತು. ಆ ರಾತ್ರಿ ಒದ್ದೆ ಸೀರೆಯ ಸೆರಗು ಹಿಂಡಿ ಬಂದು ಪ್ರಾರ್ಥನೆಗೆ ಮೊಣಕಾಲೂರಿದ ಅಮ್ಮ, ಎಂದಿನ ಮಾತುಗಳನ್ನು ಶುರುಮಾಡದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತು ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ. ಆದರೂ ಬಂದಿದ್ದೇನೆ" ಎಂದರು. ಆಮೇಲೆ ಹೂಮಳೆ ಸಿಕ್ಕಿದವರಿಗಾಗಿ ವಂದನೆ ಹೇಳಿದರು, ಅದೂ ಸ್ವಲ್ಪ ಬಿಗಿದ ದನಿಯಲ್ಲೇ. ನಾನು ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ, ಬಹುಪಾಲು ಮರೆತಿದ್ದೇನೆ. ಆ ಎರಡು ವಾಕ್ಯಗಳು ಮಾತ್ರ ಇಂದಿಗೂ ಕಿವಿಯಲ್ಲಿವೆ. ನಿಮ್ಮ ಅಲುಗಾಟವನ್ನು ಮಕ್ಕಳಿಂದ ಮುಚ್ಚಿಡಬೇಡಿ, ಅದನ್ನು ಮಕ್ಕಳ ತಲೆಯ ಮೇಲೂ ಹೊರಿಸಬೇಡಿ. ಅವರು ಕೇಳುವಂತೆ ದೇವರಿಗೇ ಹೇಳಿ. ಕೀರ್ತನೆಗಳ ಗ್ರಂಥದಲ್ಲಿ ಅಂಥ ದೂರುಗಳು ಬೇಕಾದಷ್ಟಿವೆ. 13ನೆಯ ಕೀರ್ತನೆ ಶುರುವಾಗುವುದೇ ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂಬ ಮಾತಿನಿಂದ.

ಮಗ ಸುಮ್ಮನೆ ನಿಂತರೆ ನಿಲ್ಲಲಿ. ಪ್ರಾರ್ಥನೆಯ ಹೊತ್ತಿಗೆ ಅವನು ಬಂದು ನಿಲ್ಲುತ್ತಿದ್ದಾನಲ್ಲ, ಅದನ್ನು ನೀವು ಗಮನಿಸಿಲ್ಲ.

ಪ್ರಶ್ನೆ: ನಾನು ಸಿ.ಎಸ್.ಐ. (ಪ್ರೊಟೆಸ್ಟೆಂಟ್) ಸಭೆಯಲ್ಲಿ ಬೆಳೆದವಳು, ಪತಿಯ ಮನೆಯವರು ಕಥೋಲಿಕರು. ತವರಿನಲ್ಲಿ ಮಕ್ಕಳು ಕರ್ತನ ಪ್ರಾರ್ಥನೆಯಲ್ಲಿ "ನಿನ್ನ ನಾಮವು" ಎನ್ನುತ್ತಾರೆ, ಇಲ್ಲಿ "ನಿಮ್ಮ ನಾಮ" ಎನ್ನುತ್ತಾರೆ. ಯಾವುದು ಸರಿ, ಅಜ್ಜನಿಗೇ ನೀವು ಎನ್ನುವ ನಾವು ದೇವರಿಗೆ ನೀನು ಎನ್ನಬಹುದೇ ಎಂದು ಮಗಳು ಪೀಡಿಸುತ್ತಾಳೆ.
ಓದುಗರು, ಚಿಕ್ಕಮಗಳೂರು

ಉತ್ತರ: ಸುವಾರ್ತೆಗಳನ್ನು ಬರೆದ ಗ್ರೀಕ್ ಭಾಷೆಯಲ್ಲಿ ಒಬ್ಬರನ್ನು ಗೌರವಕ್ಕಾಗಿ ಬಹುವಚನದಲ್ಲಿ ಕರೆಯುವ ಪದ್ಧತಿಯೇ ಇರಲಿಲ್ಲ. ಹಾಗಾಗಿ ಕನ್ನಡಕ್ಕೆ ತರುವಾಗ ನೀನು, ನೀವು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತು. ಒಂದು ಕಡೆಯವರು ಸಲಿಗೆಯನ್ನೂ ಇನ್ನೊಂದು ಕಡೆಯವರು ಗೌರವವನ್ನೂ ಹಿಡಿದರು. ನಮ್ಮ ಮನೆಯಲ್ಲಿ ಅಪ್ಪನಿಗೆ ನೀವು, ಅಮ್ಮನಿಗೆ ನೀನು ಎನ್ನುತ್ತಿದ್ದೆವು. ಅಮ್ಮನ ಮೇಲೆ ನಮಗೆ ಗೌರವ ಕಡಿಮೆ ಇತ್ತೆಂದು ಯಾರೂ ಹೇಳಲಾರರು. ನಿಮ್ಮ ಮಗಳು ಎರಡನ್ನೂ ಕಲಿಯಲಿ. ಇಂಥ ಪ್ರಶ್ನೆ ಕೇಳುವ ಮಗು ಬಾಯಿಪಾಠ ಒಪ್ಪಿಸುತ್ತಿಲ್ಲ, ಮಾತಿನ ಅರ್ಥ ನೋಡುತ್ತಿದೆ.

ಪ್ರಶ್ನೆ: ನನ್ನ ಪತಿ ಹಿಂದೂ. ನಾನು ಭಾನುವಾರ ಮಕ್ಕಳನ್ನು ಚರ್ಚಿಗೆ ಕರೆದುಕೊಂಡು ಹೋಗುವುದಕ್ಕೆ ಅವರ ಆಕ್ಷೇಪವಿಲ್ಲ. ಮನೆಯಲ್ಲಿ ಅತ್ತೆ ದಿನವೂ ದೀಪ ಹಚ್ಚುತ್ತಾರೆ, ಮಕ್ಕಳು ಅವರ ಪಕ್ಕದಲ್ಲಿ ಕೂರುತ್ತವೆ. ಚರ್ಚಿನ ಕೆಲವು ಹೆಂಗಸರು, ನೀನು ಬಿಗಿಯಾಗಿರದಿದ್ದರೆ ಮಕ್ಕಳು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದಾಗುತ್ತವೆ ಎನ್ನುತ್ತಾರೆ.
ಓದುಗರು, ಮೂಡಿಗೆರೆ

ಉತ್ತರ: ಅಪೊಸ್ತಲ ಪೌಲನ ಜೊತೆಗಾರ ತಿಮೊಥೆಯನ ಮನೆಯೂ ಹೀಗೆಯೇ ಇತ್ತು. ತಾಯಿ ನಂಬಿದ ಯೆಹೂದ್ಯ ಹೆಂಗಸು, ತಂದೆ ಗ್ರೀಕನು ಎಂದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ಹೇಳುತ್ತದೆ. ಪೌಲನು ಅವನಿಗೆ ಬರೆದ ಎರಡನೆಯ ಪತ್ರದಲ್ಲಿ, ಈ ನಂಬಿಕೆ ಮೊದಲು ನಿನ್ನ ಅಜ್ಜಿಯಲ್ಲಿಯೂ ತಾಯಿಯಲ್ಲಿಯೂ ಇತ್ತು ಎಂದು ನೆನಪಿಸುತ್ತಾನೆ. ಸಂತ ಅಗಸ್ಟೀನರ ತಾಯಿ ಮೋನಿಕರ ಪತಿಯೂ ಬಹುಕಾಲ ಕ್ರೈಸ್ತನಾಗಿರಲಿಲ್ಲ. ಮಗನೂ ದಾರಿ ಬಿಟ್ಟು ವರ್ಷಗಟ್ಟಲೆ ಅಲೆದ. ಕಂಗೆಟ್ಟ ಮೋನಿಕ, ಅವನಿಗೆ ಬುದ್ಧಿ ಹೇಳಿ ಎಂದು ಒಬ್ಬ ಬಿಷಪರನ್ನು ಕಾಡಿದಾಗ ಅವರು, ಇಷ್ಟು ಕಣ್ಣೀರಿನ ಮಗ ಹಾಳಾಗಲಾರ ಎಂದು ಹೇಳಿ ಕಳಿಸಿದರಂತೆ. 387ರಲ್ಲಿ ಮಿಲಾನಿನಲ್ಲಿ ಅಗಸ್ಟೀನರು ಸ್ನಾನದೀಕ್ಷೆ ಪಡೆದರು, ಅದೇ ವರ್ಷ ಮೋನಿಕ ತೀರಿಕೊಂಡರು. ಆ ಬಿಷಪರು ಮಗನೊಂದಿಗೆ ವಾದಕ್ಕೆ ಕೂರಲು ಒಪ್ಪಲಿಲ್ಲ ಎಂಬುದು ನನಗೆ ಬಹಳ ಇಷ್ಟವಾದ ಭಾಗ.

ಮಕ್ಕಳಿಗೆ ನಿಮ್ಮ ನಂಬಿಕೆಯನ್ನು ನೇರವಾಗಿ, ಮುಚ್ಚುಮರೆಯಿಲ್ಲದೆ ಹೇಳಿ; "ನಾನು ಯೇಸುಸ್ವಾಮಿಯನ್ನು ನಂಬಿದ್ದೇನೆ, ಅವರಲ್ಲಿ ಪ್ರಾರ್ಥಿಸುತ್ತೇನೆ" ಎಂದು ಹೇಳುವುದಕ್ಕೆ ಅಜ್ಜಿಯ ದೀಪವನ್ನು ಹಳಿಯಬೇಕಾಗಿಲ್ಲ. ಹಳಿದರೆ, ಮಕ್ಕಳು ಯಾರ ಮಡಿಲಲ್ಲಿ ಬೆಳೆಯುತ್ತಿವೆಯೋ ಅವರನ್ನೇ ಅನುಮಾನಿಸುವುದನ್ನು ಕಲಿಸಿದಂತಾಗುತ್ತದೆ. ಪ್ರಸಾದ ತಿನ್ನುವುದು, ಹಬ್ಬದ ಪೂಜೆಯಲ್ಲಿ ಕೂರುವುದು ಮುಂತಾದವುಗಳಲ್ಲಿ ಸಭೆಯಿಂದ ಸಭೆಗೆ ಅಭಿಪ್ರಾಯ ಬೇರೆಯಾಗುತ್ತದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ವಿಗ್ರಹಕ್ಕೆ ಅರ್ಪಿಸಿದ ಆಹಾರದ ಕುರಿತಿರುವ 8 ಮತ್ತು 10ನೆಯ ಅಧ್ಯಾಯಗಳನ್ನು ನಿಮ್ಮ ಗುರುಗಳ ಜೊತೆ ಕುಳಿತು ಓದಿ, ಒಂದು ನಿರ್ಧಾರಕ್ಕೆ ಬನ್ನಿ. ಅದನ್ನು ಮಕ್ಕಳಿಗೆ ಹೇಳುವ ಮುಂಚೆ ಪತಿಗೆ ಹೇಳಿ. ಚರ್ಚಿನ ಹೆಂಗಸರಿಗೆ ಆಮೇಲೆ ತಿಳಿದರೂ ಸಾಕು.

ಪ್ರಶ್ನೆ: ನಾನು ಹಾಸನದ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ ಹೊರಟರೆ ಮನೆ ಸೇರುವುದು ಸಂಜೆ ಏಳಕ್ಕೆ. ಮೂವರು ಮಕ್ಕಳು. ಬೈಬಲ್ ತೆರೆದು ಕೂರಿಸಿದರೆ ನಾನೇ ತೂಕಡಿಸುತ್ತೇನೆ. ಹೇಗೆ ಕಲಿಸಲಿ?
ಓದುಗರು, ಹಾಸನ

ಉತ್ತರ: ಹಾಸನದಲ್ಲಿ ಆಸ್ಪತ್ರೆ ಕಟ್ಟಿದ ವೆಸ್ಲಿಯನ್ ಮಿಷನ್ನಿನ ಹೆಸರು ನೀವು ಕೇಳಿರಬಹುದು. ಆ ಹೆಸರು ಬಂದದ್ದು 18ನೆಯ ಶತಮಾನದ ಇಂಗ್ಲಿಷ್ ಧರ್ಮಬೋಧಕ ಜಾನ್ ವೆಸ್ಲಿಯಿಂದ. ಅವರ ತಾಯಿ ಸುಸಾನ ಹತ್ತೊಂಬತ್ತು ಮಕ್ಕಳನ್ನು ಹೆತ್ತು ಒಂಬತ್ತನ್ನು ಎಳವೆಯಲ್ಲೇ ಕಳೆದುಕೊಂಡವರು. ಮನೆಯಲ್ಲಿ ಸಾಲ, ಗಂಡನೊಂದಿಗೆ ಆಗಾಗ ಮುನಿಸು, 1709ರಲ್ಲಿ ಮನೆಗೆ ಬೆಂಕಿ. ಇಷ್ಟರ ನಡುವೆ ಅವರು ವಾರದ ಒಂದೊಂದು ಸಂಜೆ ಒಂದೊಂದು ಮಗುವಿನ ಜೊತೆ ಪ್ರತ್ಯೇಕವಾಗಿ ಕುಳಿತು ದೇವರ ವಿಷಯ ಮಾತಾಡುವ ಏರ್ಪಾಡು ಮಾಡಿಕೊಂಡರು. ಗುರುವಾರ ಜಾನ್‌ನ ಸರದಿ. ಅವರು ಬೆಳೆದು ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕರಾದ ಮೇಲೆ ತಾಯಿಗೆ ಪತ್ರ ಬರೆದು, ಆ ಗುರುವಾರದ ಸಂಜೆಯನ್ನು ಈಗಲೂ ನನಗಾಗಿ ತೆಗೆದಿಡಬಹುದೇ ಎಂದು ಕೇಳಿದ್ದರು. (ಮಕ್ಕಳ ಹಠ ಮುರಿಯುವುದರ ಬಗ್ಗೆ ಸುಸಾನ ಬರೆದ ಮಾತುಗಳನ್ನು ನಾನು ಒಪ್ಪುವುದಿಲ್ಲ. ಒಂದು ವರ್ಷ ತುಂಬುವಷ್ಟರಲ್ಲಿ ಮಗುವಿಗೆ ಬೆತ್ತದ ಭಯ ಕಲಿಸಿ, ಸದ್ದಿಲ್ಲದೆ ಅಳುವಂತೆ ಮಾಡುವುದು ನಮಗೆ ಬೇಡ.)

ಮೂವರು ಮಕ್ಕಳಿಗೆ ಮೂರು ಸಂಜೆ, ತಲಾ ಹದಿನೈದು ನಿಮಿಷ ಸಾಕು. ಅದಕ್ಕೆ ಬೈಬಲ್ ತೆರೆದು ಕೂರಲೇಬೇಕು ಎಂದೂ ಇಲ್ಲ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿ ಮಕ್ಕಳಿಗೆ ಕಲಿಸುವ ಹೊತ್ತುಗಳನ್ನು ಹೇಳುವಾಗ ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎಂದಿದೆ. ತರಗತಿಯ ಮಾತೇ ಇಲ್ಲ. ಮಗು ಹೇಳಿದ್ದನ್ನು ಕೇಳಿಸಿಕೊಳ್ಳುವುದಕ್ಕೂ ಆ ಹದಿನೈದು ನಿಮಿಷದಲ್ಲಿ ಜಾಗವಿರಲಿ.

ಅವರೆಕಾಯಿ ಕಾಲ ಬಂದಾಗ ಹಿಂದಿನ ರಾತ್ರಿ ನೆನೆಹಾಕಿದ ಕಾಳನ್ನು ಹಿದುಕಲು ಆ ದಿನದ ಸರದಿಯ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ಪಾತ್ರೆ ಕಾಳು ಹಿದುಕುವಷ್ಟು ಹೊತ್ತಿನಲ್ಲಿ ಯೋಸೇಫನನ್ನು ಅಣ್ಣಂದಿರು ಬಾವಿಗೆ ತಳ್ಳುವವರೆಗೆ ಕಥೆ ಬಂದಿರುತ್ತದೆ. ಕಾಳು ಮುಗಿದಲ್ಲಿಗೆ ಕಥೆ ನಿಲ್ಲಿಸಿಬಿಡಿ, ಅವನು ಮುಂದಿನ ಸರದಿಯವರೆಗೆ ಬಾವಿಯಲ್ಲೇ ಇರಲಿ. ಮುಂದೇನಾಯಿತು ಎಂದು ಕೇಳಿಕೊಂಡು ಉಳಿದಿಬ್ಬರೂ ಬೋಗುಣಿ ಹಿಡಿದು ಬರುತ್ತಾರೆ.